ಹಿಮವೇ ಬೀಳದ ಬೀದರಿನಲ್ಲಿ ‘ಚಳಿ ತಡೆಯುವ ತರಕಾರಿ’: ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ದೀಪಾವಳಿ ಮುಗಿದು ಬೆಳಗಿನ ಜಾವ ಶಾಲು ಹುಡುಕುವಂತಾದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಕೈತೋಟದ ಸಂದೇಶಗಳು ಓಡಾಡಲು ಶುರುವಾಗುತ್ತವೆ. ಮೊದಲ ಹಿಮ ಬೀಳುವುದಕ್ಕೆ ಆರು ವಾರ ಮುಂಚೆ ಕೇಲ್ ಬಿತ್ತಿ ಎಂದು ಒಂದು. ರಾತ್ರಿ ಗಿಡಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ ಎಂದು ಇನ್ನೊಂದು. ಚಳಿಯಲ್ಲಿ ಬೇರು ಸಾಯುತ್ತದೆ, ಬೆಚ್ಚಗಿನ ನೀರನ್ನೇ ಹಾಕಿ ಎಂದು ಮತ್ತೊಂದು. ಇವುಗಳ ಹಿಂದೆಯೇ ಪ್ರತಿ ವರ್ಷ ತಪ್ಪದೆ ಬರುವುದು ಕ್ಯಾಬೇಜ್ ಹುಳು ಮೆದುಳಿಗೆ ಹೊಕ್ಕುವ ಭಯಾನಕ ವಿಡಿಯೋ.

ಇವುಗಳಲ್ಲಿ ಹಲವು ಸುಳ್ಳಲ್ಲ. ಆದರೆ ಅವು ನಮ್ಮ ಊರಿಗೆ ಬರೆದದ್ದಲ್ಲ. ನವೆಂಬರಿನಲ್ಲೇ ನೆಲ ಹೆಪ್ಪುಗಟ್ಟುವ ದೇಶಗಳ ಸಲಹೆಯನ್ನು ಯಾರೋ ಕನ್ನಡಕ್ಕೆ ತಿರುಗಿಸಿ ಹರಿಬಿಟ್ಟಿರುತ್ತಾರೆ. ಬೀದರ್, ಭಾಲ್ಕಿ, ಔರಾದ್ ಕಡೆ ಅದನ್ನು ಅಕ್ಷರಶಃ ಪಾಲಿಸಿದರೆ ನಷ್ಟವೇ ಹೆಚ್ಚು. ನಮ್ಮಲ್ಲಿ ತಂಪಿನ ತರಕಾರಿಗೆ ಸಿಗುವುದು ಅಕ್ಟೋಬರ್‌ನಿಂದ ಫೆಬ್ರವರಿ ನಡುವಿನ ಒಂದೇ ಅವಧಿ. ಬೀಜದ ಆಯ್ಕೆ ತಪ್ಪಿತೆಂದರೆ ತಿದ್ದಿಕೊಳ್ಳಲು ಮುಂದಿನ ವರ್ಷದವರೆಗೆ ಕಾಯಬೇಕು.

ಬೀದರಿನ ಚಳಿ ಎಂದರೆ ಎಷ್ಟು ಚಳಿ?

ಕರ್ನಾಟಕದ ಉತ್ತರ ತುದಿಯಲ್ಲಿರುವ ಬೀದರ್ ನಗರ ಸಮುದ್ರ ಮಟ್ಟದಿಂದ 650 ಮೀಟರಿಗೂ ಹೆಚ್ಚು ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಸಮುದ್ರ ದೂರ. ಮಳೆಗಾಲ ಹಿಂದೆ ಸರಿದ ಮೇಲೆ ಗಾಳಿ ಒಣಗುತ್ತದೆ, ಆಕಾಶ ತಿಳಿಯಾಗುತ್ತದೆ, ಹಗಲು ನೆಲ ಹೀರಿಕೊಂಡ ಶಾಖ ರಾತ್ರಿ ಯಾವ ಅಡ್ಡಿಯೂ ಇಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಹೀಗಾಗಿ ಹಗಲು ಬೆವರುವಷ್ಟು ಬಿಸಿಲಿದ್ದ ದಿನವೂ ಬೆಳಗಿನ ಜಾವ ಗಡಗಡ ನಡುಗಿಸುತ್ತದೆ. ರಾಜ್ಯದ ಅತಿ ಕಡಿಮೆ ಉಷ್ಣತೆಯ ಸುದ್ದಿಯಲ್ಲಿ ಬೀದರಿನ ಹೆಸರು ಮತ್ತೆ ಮತ್ತೆ ಬರಲು ಇದೇ ಕಾರಣ. 1901ರ ಜನವರಿ 5ರಂದು ಇಲ್ಲಿ 2.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು.

ಆದರೆ ದಾಖಲೆ ಬೇರೆ, ದಿನನಿತ್ಯದ ಹವೆ ಬೇರೆ. ಬೀದರಿನಲ್ಲಿ ಅತ್ಯಂತ ತಂಪಾದ ತಿಂಗಳು ಡಿಸೆಂಬರ್. ದೀರ್ಘಕಾಲದ ದಾಖಲೆಗಳ ಪ್ರಕಾರ ಆ ತಿಂಗಳಲ್ಲಿ ಹಗಲಿನ ಗರಿಷ್ಠ ಸರಾಸರಿ ಸುಮಾರು 27 ಡಿಗ್ರಿ, ರಾತ್ರಿಯ ಕನಿಷ್ಠ ಸರಾಸರಿ ಸುಮಾರು 16 ಡಿಗ್ರಿ. ಎರಡರ ನಡುವಿನ ಲೆಕ್ಕ ಹಿಡಿದರೆ ಸುಮಾರು 22 ಡಿಗ್ರಿ. ಈ ಒಂದು ಅಂಕಿಯನ್ನು ನೆನಪಿಡಿ, ಮುಂದೆ ಹೂಕೋಸಿನ ವಿಷಯದಲ್ಲಿ ಇದೇ ಕೆಲಸಕ್ಕೆ ಬರುತ್ತದೆ.

ಚಳಿ ಅಲೆ ಬಂದಾಗ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ತಣ್ಣನೆಯ ಗಾಳಿ ಭಾರವಾದ್ದರಿಂದ ಗಾಳಿ ಬೀಸದ ರಾತ್ರಿ ಅದು ತಗ್ಗಿಗೆ ಜಾರಿ ನಿಲ್ಲುತ್ತದೆ. ಮಾಂಜ್ರಾ ನದಿಯ ಕಡೆಯ ತಗ್ಗಿನ ಹೊಲಗಳು ಊರಿನ ಮಾಳಿಗೆಗಿಂತ ಹೆಚ್ಚು ತಂಪಾಗಬಹುದು. ಹಾಗಿದ್ದರೂ ಗಿಡದ ಎಲೆಯೊಳಗಿನ ನೀರು ಹೆಪ್ಪುಗಟ್ಟುವ ಮಟ್ಟದ ಹಿಮ ಇಲ್ಲಿ ಅಪರೂಪದಲ್ಲಿ ಅಪರೂಪ. ಬೆಳಗ್ಗೆ ಎಲೆಯ ಮೇಲೆ ಕಾಣುವುದು ಮಂಜಿನ ಹನಿ, ಹಿಮವಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ ಬೆಳಕಿನದು. ಹಗಲು 10 ಗಂಟೆಗಿಂತ ಕಿರಿದಾದರೆ ತರಕಾರಿ ಗಿಡಗಳ ಬೆಳವಣಿಗೆ ಬಹುತೇಕ ನಿಂತುಬಿಡುತ್ತದೆ ಎಂಬುದು ತಂಪು ದೇಶಗಳ ತೋಟಗಾರರ ಲೆಕ್ಕ. ಆದ್ದರಿಂದಲೇ ಅವರು ಹಿಮಕ್ಕೆ ಮುಂಚೆ ಗಿಡ ಬೆಳೆಸಿ, ಚಳಿಗಾಲವಿಡೀ ಅದನ್ನು ಹೊಲದಲ್ಲೇ ‘ಫ್ರಿಜ್’ನಲ್ಲಿ ಇಟ್ಟಂತೆ ಇಟ್ಟುಕೊಂಡು ಕೊಯ್ಯುತ್ತಾರೆ. ಲಂಡನ್ನಿನಲ್ಲಿ ಡಿಸೆಂಬರ್ ಅಂತ್ಯದ ಹಗಲು 8 ಗಂಟೆಯೂ ಇರುವುದಿಲ್ಲ. ಬೀದರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಸುಮಾರು 11 ಗಂಟೆ. ನಮ್ಮಲ್ಲಿ ಗಿಡ ನಿಲ್ಲುವುದೇ ಇಲ್ಲ, ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಅವರ ಪಂಚಾಂಗ ನಮಗೆ ಹೊಂದುವುದಿಲ್ಲ.

ಹಿಮ ತಾಗಿದರೆ ಸಿಹಿಯಾಗುವುದು ನಿಜವೇ?

ನಿಜ. ಕೇಲ್, ಪಾಲಕ್, ಕ್ಯಾಬೇಜ್, ಗಜ್ಜರಿಯಂಥ ಬೆಳೆಗಳು ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಬಂದಾಗ ತಮ್ಮಲ್ಲಿರುವ ಪಿಷ್ಟದ ಒಂದಷ್ಟು ಭಾಗವನ್ನು ಸಕ್ಕರೆಯಾಗಿ ಬದಲಿಸಿಕೊಳ್ಳುತ್ತವೆ. ಸಕ್ಕರೆ ಬೆರೆತ ನೀರು ಶುದ್ಧ ನೀರಿಗಿಂತ ಕಡಿಮೆ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ. ಗಿಡದ ಮಟ್ಟಿಗೆ ಅದು ಜೀವ ಉಳಿಸಿಕೊಳ್ಳುವ ಉಪಾಯ, ನಮ್ಮ ನಾಲಿಗೆಗೆ ಅದು ರುಚಿ. ಆದರೆ ರಾತ್ರಿ 16 ಡಿಗ್ರಿ ಇರುವಲ್ಲಿ ಗಿಡಕ್ಕೆ ಆ ಗರಜು ಬೀಳುವುದಿಲ್ಲ. ಹಿಮಕ್ಕಾಗಿ ಕಾಯುತ್ತ ಕುಳಿತರೆ ಕ್ಯಾಬೇಜ್ ಗಡ್ಡೆ ಒಡೆಯುತ್ತದೆ, ಪಾಲಕ್ ಹೂವಿಗೆ ಬರುತ್ತದೆ. ಗಡ್ಡೆ ಒತ್ತಿದಾಗ ಗಟ್ಟಿಯೆನಿಸಿದ ದಿನವೇ ಕೊಯ್ಯಿರಿ.

ಬೀಜದ ಪೊಟ್ಟಣದಲ್ಲೇ ಅಡಗಿರುವ ಸಮಸ್ಯೆ

ನಮ್ಮ ಪ್ರಕಾರ ಈ ಭಾಗದ ಕೈತೋಟಗಳಲ್ಲಿ ಚಳಿಗಿಂತ ಹೆಚ್ಚು ಹಾನಿ ಮಾಡುವುದು ತಪ್ಪು ತಳಿಯ ಬೀಜ. ಹೂಕೋಸು ಇದಕ್ಕೆ ಒಳ್ಳೆಯ ಉದಾಹರಣೆ.

ಹೂಕೋಸಿನ ತಳಿಗಳನ್ನು ಭಾರತದಲ್ಲಿ ಸ್ಥೂಲವಾಗಿ ಬೇಗಿನವು, ಮಧ್ಯಮ, ತಡವಾದವು ಎಂದು ವಿಂಗಡಿಸುತ್ತಾರೆ. ಇದು ಕೇವಲ ದಿನಗಳ ಲೆಕ್ಕವಲ್ಲ, ಉಷ್ಣತೆಯ ಲೆಕ್ಕ. ಪೂಸಾ ಕಾತ್ಕಿ, ಪೂಸಾ ದೀಪಾಲಿಯಂಥ ಬೇಗಿನ ತಳಿಗಳು 20ರಿಂದ 27 ಡಿಗ್ರಿಯಲ್ಲೂ ಗಡ್ಡೆ ಕಟ್ಟುತ್ತವೆ. ಮಧ್ಯಮ ತಳಿಗಳಿಗೆ ಅದಕ್ಕಿಂತ ತಂಪು ಬೇಕು. ಸ್ನೋಬಾಲ್ ಗುಂಪಿನ ತಡವಾದ ತಳಿಗಳಿಗೆ ಬೇಕಾದದ್ದು 10ರಿಂದ 16 ಡಿಗ್ರಿ. ಈಗ ಮೇಲಿನ 22 ಡಿಗ್ರಿಯನ್ನು ಪಕ್ಕದಲ್ಲಿಟ್ಟು ನೋಡಿ. ನಮ್ಮ ಅತಿ ತಂಪಿನ ತಿಂಗಳೇ ದೆಹಲಿ ಕಡೆಯವರ ‘ಬೇಗಿನ’ ಹಂಗಾಮಿಗೆ ಸಮ!

ನವೆಂಬರ್ ಎಂದರೆ ತಡವಾಯಿತು, ಆದ್ದರಿಂದ ತಡವಾದ ತಳಿ ಹಾಕೋಣ ಎಂದು ಯಾರಾದರೂ ಸ್ನೋಬಾಲ್ ತಂದರೆ ಏನಾಗುತ್ತದೆ ನೋಡಿ. ಸಸಿಮಡಿಯಲ್ಲಿ ಸುಮಾರು ಒಂದು ತಿಂಗಳು, ನಾಟಿಯ ನಂತರ ಎರಡೂವರೆ ತಿಂಗಳು. ಗಡ್ಡೆ ಕಟ್ಟುವ ಹೊತ್ತಿಗೆ ಫೆಬ್ರವರಿ ಅಂತ್ಯ, ನೆತ್ತಿಯ ಮೇಲೆ ಬೇಸಿಗೆ. ಎಲೆ ಬುಟ್ಟಿಯಷ್ಟಾಗುತ್ತದೆ, ಒಳಗೆ ಗಡ್ಡೆಯೇ ಇರುವುದಿಲ್ಲ. ಇದ್ದರೂ ಅಕ್ಕಿ ಚೆಲ್ಲಿದಂತೆ ಬಿಡಿಬಿಡಿಯಾಗಿ, ಹಳದಿಯಾಗಿ ಇರುತ್ತದೆ. ಗೊಬ್ಬರ ಕಡಿಮೆಯಾಯಿತು, ಯಾರದೋ ಕಣ್ಣು ಬಿತ್ತು ಎಂದು ಕೊರಗುವವರಿದ್ದಾರೆ. ಎರಡೂ ಅಲ್ಲ. ಅಂಗಡಿಯಲ್ಲಿ ಕೇಳಬೇಕಾದದ್ದು “ಗೋಬಿ ಬೀಜ ಕೊಡಿ” ಎಂದಲ್ಲ, “ಬೇಗಿನ ತಳಿ ಕೊಡಿ, ಬಿಸಿ ತಡೆಯುವುದು ಕೊಡಿ” ಎಂದು. ಸಸಿ ನಾಟಿ ನವೆಂಬರ್ ಒಳಗೇ ಮುಗಿದರೆ ಒಳ್ಳೆಯದು.

ಕ್ಯಾಬೇಜ್ ಇಷ್ಟು ಹಟಮಾರಿಯಲ್ಲ. ಗೋಲ್ಡನ್ ಏಕರ್‌ನಂಥ ತಳಿ ನಾಟಿಯಾದ ಎರಡು ತಿಂಗಳ ಆಸುಪಾಸಿನಲ್ಲಿ ಸಣ್ಣ, ದುಂಡನೆಯ ಗಡ್ಡೆ ಕೊಡುತ್ತದೆ. ಗಜ್ಜರಿಯಲ್ಲಿ ಮತ್ತೆ ಉಷ್ಣತೆಯ ಪ್ರಶ್ನೆ ಬರುತ್ತದೆ. ಅದರ ಕೇಸರಿ ಬಣ್ಣದ ಕ್ಯಾರೊಟಿನ್ ಚೆನ್ನಾಗಿ ತುಂಬುವುದು 15ರಿಂದ 20 ಡಿಗ್ರಿಯಲ್ಲಿ. ಫೆಬ್ರವರಿಯಲ್ಲಿ ಬಿತ್ತಿದ ಗಜ್ಜರಿ ಪೇಲವವಾಗಿ, ನಾರುನಾರಾಗಿ ಬರುವುದು ಬಿಸಿಯಿಂದ. ಹಸಿ ಬಟಾಣಿಗೂ ಇದೇ ಮಾತು. 30 ಡಿಗ್ರಿ ದಾಟಿದರೆ ಹೂವು ಉದುರಿ, ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ.

ಸಮಯ ಮೀರಿತು ಎನ್ನುವವರಿಗೂ ದಾರಿಯಿದೆ. ಮೆಂತ್ಯ 25ರಿಂದ 30 ದಿನ, ಪಾಲಕ್ ಮೊದಲ ಕೊಯ್ಲಿಗೆ ಒಂದು ತಿಂಗಳು, ಮೂಲಂಗಿ 40ರಿಂದ 50 ದಿನ, ಸಬ್ಬಸಿಗೆ ಮತ್ತು ಕೊತ್ತಂಬರಿ 40 ದಿನದ ಆಸುಪಾಸು. ಇವನ್ನು ಜನವರಿ ಮೊದಲ ವಾರದಲ್ಲೂ ಬಿತ್ತಬಹುದು. ಒಮ್ಮೆಗೇ ಬಿತ್ತದೆ ಹತ್ತು-ಹದಿನೈದು ದಿನಕ್ಕೊಂದು ಸಾಲು ಹಾಕಿದರೆ ಮನೆಗೆ ಸೊಪ್ಪು ತಪ್ಪುವುದಿಲ್ಲ.

ಕೇಲ್ ಬೇಕೇ ಬೇಕೆಂದರೆ ಹಾಕಿ, ಬರುತ್ತದೆ. ಆದರೆ ಅದಕ್ಕಾಗಿ ದುಬಾರಿ ಪೊಟ್ಟಣ ತರಿಸುವುದು ನಮಗೆ ಅಷ್ಟು ಸರಿಕಾಣುವುದಿಲ್ಲ. ಈ ಹವೆಗೆ ಹೇಳಿ ಮಾಡಿಸಿದ ಸೊಪ್ಪು ಹೊಲದಲ್ಲೇ ಇದೆ, ಅದು ಕಡ್ಲಿ ಪಲ್ಯ. ಹಿಂಗಾರಿ ಕಡಲೆ ಬಿತ್ತಿ ಒಂದು ತಿಂಗಳಾದ ಮೇಲೆ ಕುಡಿ ಚಿವುಟುವ ರೂಢಿ ಹಳೆಯದು. ಚಿವುಟಿದರೆ ಗಿಡ ಪಕ್ಕದ ಕವಲು ಒಡೆಯುತ್ತದೆ, ಹೂವು-ಕಾಯಿಗೆ ಜಾಗ ಹೆಚ್ಚುತ್ತದೆ. ಕೃಷಿ ವಿಜ್ಞಾನಿಗಳೂ ಇದನ್ನೇ ಶಿಫಾರಸು ಮಾಡುತ್ತಾರೆ. ಆ ಎಲೆಯ ಹುಳಿ ಬರುವುದು ಅದರ ಮೇಲಿನ ಸೂಕ್ಷ್ಮ ಕೂದಲುಗಳು ಸ್ರವಿಸುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಿಂದ. ಹಿಂದೆ ರಾತ್ರಿ ಕಡಲೆ ಹೊಲದ ಮೇಲೆ ತೆಳು ಬಟ್ಟೆ ಹಾಸಿ, ಬೆಳಗ್ಗೆ ಮಂಜು ಹೀರಿದ ಬಟ್ಟೆಯನ್ನು ಹಿಂಡಿ ಹುಳಿ ಸಂಗ್ರಹಿಸುತ್ತಿದ್ದರು. ಕಿಡ್ನಿ ಕಲ್ಲಿನ ತೊಂದರೆ ಇರುವವರು ಆಕ್ಸಾಲಿಕ್ ಆಮ್ಲ ಹೆಚ್ಚಿರುವ ಕಡಲೆ ಸೊಪ್ಪು, ಪಾಲಕ್‌ಗಳ ಪ್ರಮಾಣವನ್ನು ವೈದ್ಯರ ಬಳಿ ಕೇಳಿಕೊಳ್ಳುವುದು ಒಳಿತು.

ಹಾಗೆಯೇ ಎಲ್ಲ ಸೊಪ್ಪೂ ಚಳಿಗಾಲದ್ದಲ್ಲ. ರಾಜಗಿರಿ ಬಿಸಿಲಿನ ಗಿಡ, ಡಿಸೆಂಬರಿನಲ್ಲಿ ನಿಧಾನವಾಗುತ್ತದೆ. ಪುಂಡಿ ಹಗಲು ಕಿರಿದಾದೊಡನೆ ಹೂ ಬಿಡುವ ಗಿಡ. ಈಗ ಬಿತ್ತಿದರೆ ಮೊಣಕಾಲೆತ್ತರಕ್ಕೆ ಬರುವ ಮುಂಚೆಯೇ ಹೂ ಬಿಟ್ಟು ಕುಳಿತುಬಿಡುತ್ತದೆ. ಬೆಂಡೆ, ಹೀರೆ, ಸೌತೆಯ ಬೀಜಗಳೂ ತಣ್ಣನೆಯ ಮಣ್ಣಿನಲ್ಲಿ ಮೊಳೆಯಲು ಸತಾಯಿಸುತ್ತವೆ. ಬೀಜ ಕೆಟ್ಟದ್ದೆಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮುನ್ನ ಇದನ್ನು ಗಮನಿಸಿ.

ಔರಾದಿನ ಎರೆ, ಬೀದರಿನ ಕೆಂಪು

ಒಂದೇ ಜಿಲ್ಲೆಯಾದರೂ ಮಣ್ಣು ಒಂದೇ ಅಲ್ಲ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಕೆಂಪು ನೆಲದ ಮೇಲೆ. ನೀರು ಬೇಗ ಇಂಗುತ್ತದೆ, ಬೇಗ ಒಣಗುತ್ತದೆ. ಬಹಮನಿ ಕಾಲದಲ್ಲಿ ನೌಬಾದ್ ಬಳಿ ನೆಲದಡಿ ಸುರಂಗ ಕೊರೆದು ಕರೇಜ್ ಮೂಲಕ ನೀರು ಹರಿಸಿದ್ದು ಇಂಥ ಜಂಬಿಟ್ಟಿಗೆಯನ್ನು ಸೀಳಿಯೇ. ಇಲ್ಲಿ ತರಕಾರಿ ಮಡಿಗೆ ಸ್ವಲ್ಪ ಸ್ವಲ್ಪವೇ, ಆದರೆ ಮೇಲಿಂದ ಮೇಲೆ ನೀರು ಬೇಕು. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೇಕು, ಏಕೆಂದರೆ ಈ ಮಣ್ಣು ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಸುಲಭವಾಗಿ ಬಿಡುವುದಿಲ್ಲ.

ಔರಾದ್, ಭಾಲ್ಕಿ ಕಡೆ ಹೆಚ್ಚಾಗಿ ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ವಾರಗಟ್ಟಲೆ ತೇವ ಹಿಡಿದಿಡುವ ಈ ಗುಣದಿಂದಲೇ ಹಿಂಗಾರಿ ಜೋಳ, ಕಡಲೆ, ಕುಸುಬೆ ನೀರಾವರಿ ಇಲ್ಲದೆಯೂ ಬರುತ್ತವೆ. ಆದರೆ ಗಜ್ಜರಿ, ಮೂಲಂಗಿಗೆ ಇದೇ ಗುಣ ಶತ್ರು. ಗಟ್ಟಿ ಮಣ್ಣಿನಲ್ಲಿ ಕೆಳಗಿಳಿಯಲಾರದೆ ಗಡ್ಡೆ ಎರಡು-ಮೂರು ಕವಲಾಗುತ್ತದೆ. ಒಂದು ಗೇಣು ಎತ್ತರದ ಏರುಮಡಿ ಮಾಡಿ, ಮರಳು ಮತ್ತು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದರೆ ನೆಟ್ಟಗಿನ ಗಜ್ಜರಿ ಸಿಗುತ್ತದೆ. ಹಸಿ ಸಗಣಿ ಬೇಡ, ಅದರಿಂದಲೂ ಗಡ್ಡೆ ಕವಲೊಡೆಯುತ್ತದೆ. ಅಕ್ಟೋಬರ್ ಮಳೆ ತಡವಾಗಿ ಬಂದ ವರ್ಷ ಎರೆ ಮಣ್ಣನ್ನು ಹಸಿಯಿದ್ದಾಗಲೇ ಅಗೆಯಬೇಡಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಪುಡಿಯಾಗಬೇಕು, ಅಲ್ಲಿಯವರೆಗೆ ತಾಳಿ.

ಪ್ಲಾಸ್ಟಿಕ್, ಬಿಸಿನೀರು, ಹೊಗೆ

ಮಧ್ಯಾಹ್ನ 27 ಡಿಗ್ರಿ ಬಿಸಿಲಿರುವಲ್ಲಿ ಗಿಡದ ಮೇಲೆ ಪ್ಲಾಸ್ಟಿಕ್ ಬಿಟ್ಟರೆ ಒಳಗೆ ಗಿಡ ಬೇಯುತ್ತದೆ. ತೇವ ಹೊರಹೋಗದೆ ಶಿಲೀಂಧ್ರ ರೋಗವೂ ಹಬ್ಬುತ್ತದೆ. ಇಲ್ಲಿ ಹೊದಿಸಬೇಕಾದದ್ದು ಗಿಡವನ್ನಲ್ಲ, ಮಣ್ಣನ್ನು. ಸೋಯಾ ಹೊಟ್ಟು, ಜೋಳದ ರವದಿ, ಒಣ ಹುಲ್ಲು ಯಾವುದಾದರೂ ಸರಿ, ಎರಡು-ಮೂರು ಅಂಗುಲ ಹರಡಿದರೆ ನೀರು ಉಳಿಯುತ್ತದೆ, ಫೆಬ್ರವರಿಯ ಬಿಸಿಲಿನಲ್ಲಿ ಬೇರು ತಂಪಾಗಿರುತ್ತದೆ.

ಬೆಚ್ಚಗಿನ ನೀರು ಹಾಕಿದರೆ ಮಣ್ಣು ಕೆಲವೇ ನಿಮಿಷದಲ್ಲಿ ಅದನ್ನು ತಣಿಸಿಬಿಡುತ್ತದೆ, ಪ್ರಯೋಜನ ಸೊನ್ನೆ. ನೀರು ನಿಜವಾಗಿ ಬಿಸಿಯಿದ್ದರೆ ಬೇರು ಬೆಂದುಹೋಗುತ್ತದೆ. ಇಷ್ಟಕ್ಕೂ ಬೋರ್‌ವೆಲ್ ನೀರು ಚಳಿಗಾಲದ ಮುಂಜಾನೆ ತಾನಾಗಿಯೇ ಬೆಚ್ಚಗಿರುತ್ತದೆ, ಏಕೆಂದರೆ ಆಳದ ನೀರು ವರ್ಷದ ಸರಾಸರಿ ಉಷ್ಣತೆಯ ಹತ್ತಿರವೇ ಇರುತ್ತದೆ. ಬೆಳಗ್ಗೆ, ಬುಡಕ್ಕೆ, ಎಲೆ ತೋಯದಂತೆ ನೀರು ಕೊಡಿ. ಎಲೆಯ ಅಂಚಿನಿಂದ ‘ವಿ’ ಆಕಾರದಲ್ಲಿ ಹಳದಿಯಾಗುತ್ತ ಬರುವ ಕ್ಯಾಬೇಜಿನ ಕಪ್ಪು ಕೊಳೆ ರೋಗ ಹಬ್ಬುವುದೇ ನೀರಿನ ಹನಿ ಸಿಡಿದು.

ಹೊಗೆ ಹಾಕಿದರೆ ಚಳಿ ತಡೆಯುತ್ತದೆ ಎಂಬುದೂ ಹಳೆಯ ನಂಬಿಕೆ. ನೆಲದಿಂದ ಹೊರಹೋಗುವ ಶಾಖದ ಕಿರಣಗಳನ್ನು ತಡೆಯಲು ಹೊಗೆಯ ಕಣಗಳು ತೀರಾ ಸಣ್ಣವು. ಅವು ಹೋಗಿ ಕೂರುವುದು ಮನೆಯ ಮಕ್ಕಳ, ಮುದುಕರ ಶ್ವಾಸಕೋಶದಲ್ಲಿ.

ಕ್ಯಾಬೇಜ್ ಹುಳು ಮೆದುಳಿಗೆ ಹೋಗುವುದೇ?

ಈ ಫಾರ್ವರ್ಡ್‌ನಲ್ಲಿ ಒಂದು ನಿಜವಾದ ರೋಗ ಮತ್ತು ಒಂದು ತಪ್ಪು ಆರೋಪಿ ಇದ್ದಾರೆ. ಕ್ಯಾಬೇಜ್ ಎಲೆ ಬಿಡಿಸಿದಾಗ ಕಾಣುವ ಹಸಿರು ಹುಳು ಪತಂಗದ ಮರಿ, ಹೆಚ್ಚಾಗಿ ಡೈಮಂಡ್‌ಬ್ಯಾಕ್ ಪತಂಗದ್ದು. ಅದು ಎಲೆ ತಿನ್ನುತ್ತದೆ, ಅಷ್ಟೇ. ಮನುಷ್ಯರ ಹೊಟ್ಟೆಯಲ್ಲಿ ಅದು ಬದುಕುವುದೇ ಇಲ್ಲ, ಮೆದುಳಿನ ಮಾತೆಲ್ಲಿ ಬಂತು?

ಮೆದುಳಿಗೆ ಹೋಗುವುದು ಹಂದಿ ಲಾಡಿಹುಳುವಿನ ಮರಿ. ಆ ಲಾಡಿಹುಳು ಹೊಟ್ಟೆಯಲ್ಲಿರುವ ವ್ಯಕ್ತಿಯ ಮಲದಲ್ಲಿ ಕಣ್ಣಿಗೆ ಕಾಣದ ಮೊಟ್ಟೆಗಳಿರುತ್ತವೆ. ಬಯಲು ಶೌಚ, ಚರಂಡಿ ನೀರು, ತೊಳೆಯದ ಕೈ ಈ ಮೂಲಕ ಅವು ತರಕಾರಿ ಸೇರುತ್ತವೆ. ಹಸಿಯಾಗಿ ತಿಂದರೆ ಮೊಟ್ಟೆ ಒಡೆದು ಮರಿಗಳು ರಕ್ತದ ಮೂಲಕ ಮೆದುಳು ತಲುಪಿ ಗಂಟಾಗಬಹುದು. ಅದರ ಮುಖ್ಯ ಲಕ್ಷಣ ಫಿಟ್ಸ್. ಈ ರೋಗ ನೆಲೆಯೂರಿರುವ ಹಲವು ಪ್ರದೇಶಗಳಲ್ಲಿ ಅಪಸ್ಮಾರದ ಪ್ರಕರಣಗಳ ಸುಮಾರು ಶೇ 30ಕ್ಕೆ ಇದೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಂದಿ ಮಾಂಸ ಮುಟ್ಟದವರಿಗೂ, ಶುದ್ಧ ಸಸ್ಯಾಹಾರಿಗಳಿಗೂ ಬರುವುದು ಇದೇ ದಾರಿಯಿಂದ. ಒಳ್ಳೆಯ ಸುದ್ದಿಯೆಂದರೆ ಇದನ್ನು ಸ್ಕ್ಯಾನ್‌ನಲ್ಲಿ ಪತ್ತೆಹಚ್ಚಬಹುದು, ಚಿಕಿತ್ಸೆಯೂ ಇದೆ. ಫಿಟ್ಸ್ ಬಂದವರಿಗೆ ಚಪ್ಪಲಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.

ಕ್ಯಾಬೇಜ್ ಒಂದನ್ನೇ ಬಿಟ್ಟರೆ ಸಾಲುವುದಿಲ್ಲ. ಅದೇ ಚರಂಡಿ ನೀರು ಕುಡಿದ ಕೊತ್ತಂಬರಿ, ಮೂಲಂಗಿ, ಗಜ್ಜರಿಯಲ್ಲೂ ಅಷ್ಟೇ ಅಪಾಯವಿದೆ, ಮತ್ತು ನಾವು ಹೆಚ್ಚಾಗಿ ಹಸಿಯಾಗಿ ತಿನ್ನುವುದು ಅವುಗಳನ್ನೇ. ಕ್ಯಾಬೇಜಿನ ಹೊರ ಎಲೆ ತೆಗೆದು, ಎಲ್ಲ ತರಕಾರಿಯನ್ನೂ ಹರಿಯುವ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಿರಿ. ಉಪ್ಪು ನೀರಿನಲ್ಲಿ ನೆನೆಸಿದರೆ ಹಸಿರು ಹುಳು ಹೊರಬರುತ್ತದೆ, ಲಾಡಿಹುಳುವಿನ ಮೊಟ್ಟೆ ಸಾಯುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಕೈತೋಟದ ದೊಡ್ಡ ಲಾಭ ನಮಗೆ ಕಾಣುವುದು ಇಲ್ಲೇ: ಯಾವ ನೀರು ಹಾಯಿಸಿದ್ದು ಎಂಬುದು ನಿಮಗೆ ಗೊತ್ತಿರುತ್ತದೆ. ಮೋರಿ ನೀರನ್ನು ಮಾತ್ರ ಮಡಿಗೆ ತಿರುಗಿಸಬೇಡಿ, ಅದರಲ್ಲಿ ಗಿಡ ಎಷ್ಟೇ ಹುಲುಸಾಗಿ ಬಂದರೂ.

(ಬಿಸಿನೀರಿನಲ್ಲಿ ‘ಪ್ಲಾಸ್ಟಿಕ್ ಕ್ಯಾಬೇಜ್’ ತಯಾರಿಸುವ ವಿಡಿಯೋ ಕೂಡ ಈ ಋತುವಿನಲ್ಲಿ ಮತ್ತೆ ಏಳುತ್ತದೆ. ಅದು ಜಪಾನಿನ ಹೋಟೆಲುಗಳು ಗಾಜಿನ ಕಪಾಟಿನಲ್ಲಿಡುವ ಪ್ರದರ್ಶನದ ಮಾದರಿ. ಯಾರೂ ಅದನ್ನು ತಿನ್ನುವುದಿಲ್ಲ, ಮಾರುಕಟ್ಟೆಗೂ ಬರುವುದಿಲ್ಲ.)

ಇನ್ನು ಆ ಹಸಿರು ಹುಳುವಿಗೆ ಮದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟ ಉಪಾಯ ಸಾಸಿವೆ. ಪತಂಗಕ್ಕೆ ಕ್ಯಾಬೇಜಿಗಿಂತ ಸಾಸಿವೆ ಗಿಡ ಇಷ್ಟ, ಮೊಟ್ಟೆಯನ್ನು ಅಲ್ಲೇ ಇಡುತ್ತದೆ. ಹೊಲದಲ್ಲಾದರೆ 25 ಸಾಲು ಕ್ಯಾಬೇಜಿಗೆ ಎರಡು ಸಾಲು ಸಾಸಿವೆ. ಒಂದನ್ನು ಕ್ಯಾಬೇಜ್ ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಮನೆಯಂಗಳದಲ್ಲಾದರೆ ಮಡಿಯ ಎರಡೂ ತುದಿಗೆ ಅಡುಗೆಮನೆಯ ಸಾಸಿವೆಯನ್ನೇ ಒಂದು ಚಿಟಿಕೆ ಉದುರಿಸಿ. ಹುಳು ಹೆಚ್ಚಾದರೆ ಬೇವಿನ ಬೀಜದ ತಿರುಳು 40 ಗ್ರಾಂ ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಿನಲ್ಲಿ ಬೇವಿನ ಸತ್ವ ಬೇಗ ಕೆಡುತ್ತದೆ, ಅದಕ್ಕೇ ಸಂಜೆ.

ಬಿತ್ತನೆಯ ದಿನ ಹೇಗೆ ಗೊತ್ತುಮಾಡುವುದು?

ಹಿಮದ ದಿನಾಂಕದಿಂದ ಹಿಂದಕ್ಕೆ ಎಣಿಸುವ ಬದಲು ಎಳ್ಳ ಅಮವಾಸ್ಯೆಯಿಂದ ಹಿಂದಕ್ಕೆ ಎಣಿಸಿ. ಮಾರ್ಗಶಿರ ಅಮಾವಾಸ್ಯೆಗೆ, ಅಂದರೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗೆ ಬರುವ ಈ ಹಬ್ಬಕ್ಕೆ ಬೀದರ್, ಕಲಬುರಗಿ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಅಂಬಲಿಯ ಜೊತೆ ಭಜ್ಜಿ ಉಣ್ಣುತ್ತಾರೆ. ಆ ಭಜ್ಜಿಗೆ ಬೀಳುವ ಹಸಿ ಕಡಲೆ, ತೊಗರಿ, ಅವರೆ, ಬಟಾಣಿ, ಗಜ್ಜರಿ, ಮೆಂತ್ಯ, ಪಾಲಕ್, ಉಳ್ಳಾಗಡ್ಡಿ ತಪ್ಪಲು ಹೆಚ್ಚುಕಡಿಮೆ ನಮ್ಮ ಚಳಿಗಾಲದ ತೋಟದ ಪೂರ್ತಿ ಪಟ್ಟಿ. ಅಮವಾಸ್ಯೆಗೆ ಮೂರು ತಿಂಗಳು ಮುಂಚೆ ಗಜ್ಜರಿ, ಎರಡೂವರೆ ತಿಂಗಳು ಮುಂಚೆ ಬಟಾಣಿ, ಒಂದೂವರೆ ತಿಂಗಳು ಮುಂಚೆ ಕೊತ್ತಂಬರಿ ಮತ್ತು ಮೂಲಂಗಿ, ಒಂದು ತಿಂಗಳು ಮುಂಚೆ ಮೆಂತ್ಯ, ಪಾಲಕ್. ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ, ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಹೋಳು ಮಾಡಿ ಬಿತ್ತಿದರೆ ಅಷ್ಟೇ ಬೀಜಕ್ಕೆ ಇಮ್ಮಡಿ ಜಾಗ ತುಂಬುತ್ತದೆ. ತಳಿಯ ಬಗ್ಗೆ ಅನುಮಾನವಿದ್ದರೆ ಬೀದರಿನ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಕಾಲೇಜಿನಲ್ಲಿ ಕೇಳಿ. ಹೋಗುವಾಗ ಬೀಜದ ಪೊಟ್ಟಣ ಜೊತೆಗಿರಲಿ, ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಬಿತ್ತನೆಯ ತಿಂಗಳುಗಳು ಹೆಚ್ಚಾಗಿ ಉತ್ತರ ಭಾರತದವು.